ಮಂಡಿಯ ಯಜಮಾನ

"ಡಾಕ್ಟ್ರು ನೀವೋ, ನಾನೋ?"

ನಂಪತ್ ಸೆಂಬಿರಿಂಗ್ ಮೇಜಿಗೆ ಗುದ್ದಿದ ಏಟಿಗೆ ಅದರ ಮೇಲಿದ್ದ ಪ್ಲಾಸ್ಟಿಕ್ ಮಂಡಿ ಬಿಚ್ಚಿಕೊಂಡು, ಚಿಪ್ಪು ಒಂದು ಕಡೆ, ಮೂಳೆ ಒಂದು ಕಡೆ ಉರುಳಿದವು.

ಡಾಕ್ಟರ್ ಲಸ್ತ್ರಿ ಬಗ್ಗಿ ಎರಡನ್ನೂ ಎತ್ತಿ ಮತ್ತೆ ಜೋಡಿಸಿದಳು. "ಡಾಕ್ಟರ್ ನಾನೇ. ಆದ್ರೆ ಮಂಡಿ ನಿಮ್ದು. ಅದಕ್ಕೇ ಕೇಳ್ತಿದೀನಿ ಯಜಮಾನ್ರೇ, ನಿಮಗೆ ಏನು ಬೇಕು?"

"ಏನು ಬೇಕು ಅಂದ್ರೆ? ಲಾಳ ಹೊಡೆಸೋಕೆ ಹೋದ್ರೆ ಕಮ್ಮಾರ ಕುದುರೇನ ಕೇಳ್ತಾನಾ, 'ಅಪ್ಪಾ, ನಿನಗೆ ಯಾವ ಮೊಳೆ ಇಷ್ಟ' ಅಂತ?"

"ಕುದುರೆಗೆ ಮಾತು ಬರಲ್ಲ. ನಿಮಗೆ ಬರುತ್ತೆ. ಬೀದಿ ತನಕ ಕೇಳೋ ಹಾಗೆ ಬರುತ್ತೆ."

ನಿಜವೇ. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಕಬಂಜಹೆ ಪೇಟೆಯ ರೋಗಿಗಳೆಲ್ಲ ತಮ್ಮ ತಮ್ಮ ನೋವು ಮರೆತು ಬಾಗಿಲ ಕಡೆ ಕಿವಿ ನೆಟ್ಟಿದ್ದರು. ಜಾವಾದಿಂದ ಬಂದ ಈ ಹುಡುಗಿ ಡಾಕ್ಟರು ಪ್ರಶ್ನೆ ಕೇಳಿ ಕೇಳಿಯೇ ರೋಗಿಯನ್ನು ಸುಸ್ತು ಮಾಡುತ್ತಾಳೆ ಅಂತ ಊರಲ್ಲೆಲ್ಲ ಮಾತಾಗಿತ್ತು. ಮೊದಲಿದ್ದ ಮುದಿ ಡಾಕ್ಟರು ಹೀಗಿರಲಿಲ್ಲ. ಮುಖ ಕೂಡ ನೋಡದೆ ಗುಳಿಗೆ ಕೊಟ್ಟು ಕಳಿಸುತ್ತಿದ್ದ. ವಾಸಿಯಾದರೆ ಅವನ ಪುಣ್ಯ, ಆಗದಿದ್ದರೆ ನಮ್ಮ ಹಣೆಬರಹ. ಎಷ್ಟು ಸಲೀಸಾಗಿತ್ತು!

"ನೋಡಿ," ಅಂದಳು ಲಸ್ತ್ರಿ. ಅವಳಿಗೂ ಸ್ವಲ್ಪ ಕಾವೇರಿತ್ತು. "ನಿಮ್ಮ ಮಂಡಿ ಸವೆದು ಹೋಗಿದೆ. ಮೂರು ದಾರಿ ಇದೆ. ಹೀಗೇ ಬಿಟ್ಟು ಕೋಲು ಹಿಡೀಬಹುದು. ಇಲ್ಲ, ಮಾತ್ರೆ, ವ್ಯಾಯಾಮ ಅಂತ ಮಾಡಿದ್ರೆ ನೋವು ಕಮ್ಮಿ ಆಗುತ್ತೆ, ಚಾಪೆ ಮೇಲೆ ಕಾಲು ಮಡಚಿ ಕೂರಬಹುದು, ಆದ್ರೆ ಬೆಟ್ಟ ಹತ್ತೋದನ್ನ ಮರೀಬೇಕು. ಇಲ್ಲವಾ, ಆಪರೇಷನ್. ಹೊಸ ಮಂಡಿ ಹಾಕಿದ್ರೆ ಬೆಟ್ಟ ಹತ್ತಬಹುದು. ಆದ್ರೆ ಅದು ಪೂರ್ತಿ ಮಡಚಲ್ಲ. ಚಾಪೆ ಮೇಲೆ ಕೂರೋ ಹಾಗಿಲ್ಲ, ಇನ್ನು ಕುರ್ಚಿನೇ. ಮೂರರಲ್ಲೂ ಒಳ್ಳೇದೂ ಇದೆ, ಕೆಟ್ಟದ್ದೂ ಇದೆ. ನಿಮ್ಮ ಬದುಕಿಗೆ ಯಾವುದು ಮುಖ್ಯ? ಹತ್ತೋದಾ, ಕೂರೋದಾ?"

ನಂಪತ್ ಮತ್ತೊಂದು ಸಲ ಗುದ್ದಲು ಕೈಯೆತ್ತಿದವನು ಹಾಗೇ ನಿಂತ.

ಅವನ ಕಸುಬು ಕುದುರೆಯದು. ಬೆರಸ್ತಗಿಯ ಗುಂಡಲಿಂಗ್ ಗುಡ್ಡದ ಮೇಲೆ, ಮೇಡಾನ್ ಪಟ್ಟಣದಿಂದ ಬರುವ ಜನರನ್ನು ತನ್ನ ಬಿರಿಂಗ್ ಎಂಬ ಕರಿ ಕುದುರೆಯ ಮೇಲೆ ಕೂರಿಸಿ, ಲಗಾಮು ಹಿಡಿದು ಪಕ್ಕದಲ್ಲಿ ನಡೆಯುತ್ತಾನೆ. ನಡೆಯುತ್ತಿದ್ದ ಅನ್ನಬೇಕು. ಈಗ ಬಿರಿಂಗ್ ಮುಂದೆ ಹೋಗಿ, ತಿರುಗಿ ನೋಡಿ, ನಿಟ್ಟುಸಿರು ಬಿಟ್ಟು, ಯಜಮಾನ ಬರುವ ತನಕ ಹುಲ್ಲು ಮೇಯುತ್ತದೆ. ಹೋದ ಭಾನುವಾರ ಬೆನ್ನ ಮೇಲಿದ್ದ ಒಬ್ಬ ಹೆಂಗಸು, "ತಾತ, ನೀವು ಹತ್ತಿ, ನಾನು ಇಳಿದು ಹಿಡ್ಕೊಂಡು ಬರ್ತೀನಿ" ಅಂದಿದ್ದಳು. ಆ ಮಾತು ಮಂಡಿಗಿಂತ ಹೆಚ್ಚು ನೋಯಿಸಿ ಅವನನ್ನು ಈ ಆಸ್ಪತ್ರೆಗೆ ತಂದಿತ್ತು.

ಆದರೆ ಕೈ ಗಾಳಿಯಲ್ಲೇ ನಿಂತದ್ದು ಅದಕ್ಕಲ್ಲ. ನಿನಗೆ ಏನು ಬೇಕು ಅಂತ ಅವನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ನಮ್ಮ ಕಾರೋ ಬೆಟ್ಟದ ಮೇಲೆ ಯಾವುದೂ ಒಬ್ಬನ ತೀರ್ಮಾನವಲ್ಲ. ಮೂಗು ತುರಿಸಿದರೂ ಮೂರು ಕಡೆಯವರು ಚಾಪೆ ಹಾಸಿ ಕೂತು ಯಾವ ಬೆರಳಲ್ಲಿ ಕೆರೆಯಬೇಕು ಅಂತ ಮಾತಾಡಬೇಕು. ನಮಗೆ ಹೆಣ್ಣು ಕೊಟ್ಟವರು ಒಂದು ಕಡೆ. ಅವರು ಕಣ್ಣಿಗೆ ಕಾಣುವ ದೇವರು, ಎದುರಾಡುವಂತಿಲ್ಲ. ಅಣ್ಣತಮ್ಮಂದಿರು ಒಂದು ಕಡೆ. ನಮ್ಮ ಹೆಣ್ಣನ್ನು ಮದುವೆಯಾದವರು ಇನ್ನೊಂದು ಕಡೆ. ದುಡಿಯುವುದು, ಅಡುಗೆ ಮಾಡುವುದು, ನಮ್ಮ ಪರವಾಗಿ ಮಾತಾಡುವುದು ಅವರ ಪಾಲು. ಈ ಕೂಟಕ್ಕೆ ರುಂಗು ಅನ್ನುತ್ತೇವೆ. ಯಾರ ವಿಷಯಕ್ಕೆ ರುಂಗು ಸೇರಿದೆಯೋ ಅವನು ಮಾತ್ರ ಬಾಯಿ ಬಿಡುವಂತಿಲ್ಲ. ನಂಪತ್‌ನ ಮದುವೆ ಹೀಗೇ ಆಯಿತು, ಮನೆ ಬಾಗಿಲು ಯಾವ ದಿಕ್ಕಿಗೆ ಅನ್ನುವುದೂ ಹೀಗೇ ಆಯಿತು. ಅವನು ಕೆಂಪು ಕುದುರೆ ಕೊಳ್ಳಬೇಕು ಅಂದುಕೊಂಡಿದ್ದ. ರುಂಗು ಕರಿ ಕುದುರೆ ಅಂದಿತು.

"ಹತ್ತೋದು," ಅಂದ ನಂಪತ್ ಮೆಲ್ಲಗೆ. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಕೂತು ಕೂತು ಸಾಕಾಗಿದೆ. ನನಗೆ ಹತ್ತೋದೇ ಮುಖ್ಯ."

"ಸರಿ. ಆದ್ರೆ ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ. ಮೇಡಾನಿನ ಮೂಳೆ ಸರ್ಜನ್ ನಾಳೆ ಬರ್ತಾರೆ. ಆಮೇಲೆ ಮಳೆಗಾಲ ಮುಗಿಯೋ ತನಕ ಬರಲ್ಲ. ಸಂಜೆ ಬಾಗಿಲು ಹಾಕೋದ್ರೊಳಗೆ ಬಂದು ಹೇಳಿ. ಮನೆಯವರ ಹತ್ರ ಬೇಕಾದ್ರೆ ಮಾತಾಡಿ, ಬೇಡ ಅನ್ನಲ್ಲ. ಆದ್ರೆ ತೀರ್ಮಾನ ನಿಮ್ಮ ಬಾಯಿಂದಲೇ ನನ್ನ ಕಿವಿಗೆ ಬರ್ಬೇಕು."

"ಮನೆಯವರ ಹತ್ರ?" ನಂಪತ್ ಎಕ್ಸ್‌ರೇ ಲಕೋಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಒಬ್ಬರ ಹತ್ರನೂ ಮಾತಾಡಲ್ಲ. ಮಂಡಿ ಯಾರ್ದು?"

"ನಿಮ್ದು," ಅಂದಳು ಡಾಕ್ಟರು, ಮೊದಲ ಸಲ ನಕ್ಕು.

ಊರಿಗೆ ಹೋಗುವ ಮಿನಿಬಸ್ಸಿನಲ್ಲಿ ಅವನು ಯಾರಿಗೂ ಏನೂ ಹೇಳಲಿಲ್ಲ. ಲಕೋಟೆಯನ್ನು ಕೋಳಿಮರಿಯ ಹಾಗೆ ಅಂಗಿಯೊಳಗೆ ಬಚ್ಚಿಟ್ಟುಕೊಂಡ. ಆದರೆ ಆ ಲಕೋಟೆ ಅವನ ಎದೆಗಿಂತ ಅಗಲ. ಪಕ್ಕದಲ್ಲಿ ಕೋಸಿನ ಮೂಟೆ ಇಟ್ಟುಕೊಂಡಿದ್ದ ಹೆಂಗಸು ಅದರ ತುದಿ ಹಿಡಿದು ಎಳೆದೇಬಿಟ್ಟಳು.

"ಮೂಳೆ ಫೋಟೋ!" ಅಂತ ಕಿಟಕಿಯ ಬೆಳಕಿಗೆ ಹಿಡಿದಳು. "ಅಯ್ಯಯ್ಯೋ, ನೋಡ್ರೋ, ಒಳಗೆಲ್ಲ ಬೂದಿ ಬಿದ್ದಿದೆ! ಸಿನಬುಂಗ್ ಬೆಂಕಿಬೆಟ್ಟ ಉಗುಳ್ದಂಗಿದೆ!"

"ಕೊಡಿಲ್ಲಿ ಅಕ್ಕ, ಅದು ತಲೆಕೆಳಗಾಗಿದೆ."

"ಹೇಗೆ ಹಿಡಿದ್ರೂ ಬೂದಿನೇ."

ಎಕ್ಸ್‌ರೇ ಹಿಂದಿನ ಸೀಟಿಗೆ ಹೋಯಿತು, ಮುಂದಿನ ಸೀಟಿಗೆ ಬಂತು. ಡ್ರೈವರ್ ಒಂದು ಕೈಯಲ್ಲಿ ಅದನ್ನು ಗಾಜಿಗೆ ಹಿಡಿದು, ಅದರ ಮೂಲಕವೇ ರಸ್ತೆ ನೋಡುತ್ತ ಎರಡು ತಿರುವು ದಾಟಿದ. ಒಬ್ಬ, ಇದು ಎಮ್ಮೆಯ ಮಂಡಿ, ಆಸ್ಪತ್ರೆಯವರು ಅದಲುಬದಲು ಮಾಡಿದ್ದಾರೆ ಅಂದ. ಇನ್ನೊಬ್ಬಳು ಆಗಲೇ ಫೋನಿನಲ್ಲಿದ್ದಳು: "ಹಾಂ, ಕೊಯ್ತಾರಂತೆ. ಇವತ್ತು ಸಂಜೆನೇ ಹೇಳ್ಬೇಕಂತೆ. ನಾನೇ ಬೆಂಚಿನ ಮೇಲೆ ಕೂತು ಕೇಳಿಸ್ಕೊಂಡೆ."

ನಂಪತ್ ಮನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಒಳಗೆ ಚಾಪೆ ಹಾಸಿಯಾಗಿತ್ತು.

ನಡುಮಧ್ಯೆ ಕೂತಿದ್ದವನು ತಮ್ಮತ್ ತರಿಗನ್, ನಂಪತ್‌ನ ಹೆಂಡತಿ ರೆಂಬಾಳ ಅಣ್ಣ. ಹೆಣ್ಣು ಕೊಟ್ಟ ಮನೆಯ ಹಿರಿಯ. ಹೊಟ್ಟೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಕಾಫಿ ಕುಡಿಯುತ್ತಿದ್ದ. ಬಲಕ್ಕೆ ನಂಪತ್‌ನ ಸ್ವಂತ ಅಣ್ಣ ಬೆಲ್ಗಾ. ಮೂಳೆ ಕಟ್ಟುವುದು, ಎಣ್ಣೆ ತಿಕ್ಕುವುದು ಅವನ ಕಸುಬು. ಅವನ ಬೇರಿನ ಎಣ್ಣೆ ಮೇಡಾನ್ ತನಕ ಮಾರಾಟವಾಗುತ್ತದೆ. ಬಾಗಿಲ ಹತ್ತಿರ ಉಕುರ್ ಗಿಂಟಿಂಗ್, ನಂಪತ್‌ನ ತಂಗಿಯ ಗಂಡ. ಸಣಕಲ, ಮೃದು ಮಾತಿನವನು, ನಂಪತ್ ಮನೆಯ ಎಲ್ಲ ರುಂಗುಗಳಲ್ಲೂ ನಂಪತ್‌ನ ಬಾಯಿ ಅವನೇ.

"ಬಾರಪ್ಪ, ಕೂತ್ಕೋ," ಅಂದ ತಮ್ಮತ್. "ಕೂರೋಕೆ ಬರೋ ತನಕ ಕೂತ್ಬಿಡು."

"ಯಾರು ಕರೆದ್ರು ಎಲ್ಲರ್ನೂ?" ನಂಪತ್ ಬಾಗಿಲಲ್ಲೇ ನಿಂತ.

"ಯಾರೂ ಕರೀಲಿಲ್ಲ, ಅದೇ ತಪ್ಪು," ಅಂದ ಉಕುರ್ ಎಲ್ಲರ ಕಡೆ ಕೈಮುಗಿದು. "ಕರೀದೆ ಇದ್ದದ್ದಕ್ಕೆ ನಮ್ಮ ಭಾವ ಕ್ಷಮೆ ಕೇಳ್ತಿದಾರೆ."

"ನಾನೆಲ್ಲೋ ಕೇಳ್ದೆ ಕ್ಷಮೆ?"

"ಮತ್ತೊಂದ್ಸಲ ಕೇಳ್ತಿದಾರೆ."

ಅಡುಗೆಮನೆಯ ಬಾಗಿಲಿಗೆ ಒರಗಿದ್ದ ರೆಂಬಾ ಎಲೆಯಡಿಕೆ ಜಗಿಯುತ್ತ ಗಂಡನಿಗೆ ಕಣ್ಣಲ್ಲೇ ಹೇಳಿದಳು, ಕೂತ್ಕೊಳ್ಳಿ, ಬೇಗ ಮುಗಿಯುತ್ತೆ. ನಂಪತ್ ಹಲ್ಲು ಕಚ್ಚಿ ಕೂತ. ಮಂಡಿ ಒಣ ಜೋಳದ ದಂಟು ಮುರಿದ ಹಾಗೆ ಲಟಲಟ ಅಂತು.

ತಮ್ಮತ್ ಕಾಫಿ ಲೋಟ ಕೆಳಗಿಟ್ಟ. "ಮಡಚದ ಕಾಲು ಅಂದ್ರೆ ಏನರ್ಥ? ಚಾಪೆ ಮೇಲೆ ಕೂರಲ್ಲ ಅಂತ. ಚಾಪೆ ಮೇಲೆ ಕೂರಲ್ಲ ಅಂದ್ರೆ ಕುರ್ಚಿ. ನಾಳೆ ಇಲ್ಲಿಗೆ ಊಟಕ್ಕೆ ನಾನು ಬರ್ತೀನಿ. ಹೆಣ್ಣು ಕೊಟ್ಟವನು ಚಾಪೆ ಮೇಲೆ, ಹೆಣ್ಣು ತಗೊಂಡವನು ಕುರ್ಚಿ ಮೇಲೆ! ಇವನ ಮಂಡಿ ಎಲ್ಲಿರುತ್ತೆ? ನನ್ನ ಮೂಗಿನ ಎದುರಿಗೆ! ಇದನ್ನ ನಮ್ಮಜ್ಜ ನೋಡಿದ್ರೆ ಏನಂತಿದ್ದ?"

"ನಿಮಗೂ ಒಂದು ಕುರ್ಚಿ ಹಾಕಿದ್ರಾಯ್ತು," ಅಂದಳು ರೆಂಬಾ.

"ಹಾಕು. ನನ್ನದು ಇವನದಕ್ಕಿಂತ ಎತ್ತರ ಇರ್ಬೇಕು. ಅವತ್ತು ನನಗೆ ಹೆಣ್ಣು ಕೊಟ್ಟವರು ಬಂದ್ರೆ? ಅವರದು ನನಗಿಂತ ಎತ್ತರ. ಅವರಿಗೆ ಹೆಣ್ಣು ಕೊಟ್ಟವರು ಬಂದ್ರೆ ಏಣಿ ಹಾಕ್ಕೊಂಡು ಸೂರಿನ ಮೇಲೆ ಕೂರ್ಬೇಕಾ? ಮಾತಾಡ್ತಾಳೆ!"

ಬೆಲ್ಗಾ ಗಂಟಲು ಸರಿಮಾಡಿಕೊಂಡ. "ನನಗೆ ಬೇಕಿರೋದು ಒಂದೇ. ಮೂಳೆ ಕಟ್ಟೋ ಬೆಲ್ಗಾನ ಸ್ವಂತ ತಮ್ಮನೇ ಕತ್ತಿ ಕೆಳಗೆ ಕಾಲಿಟ್ರೆ ನನ್ನ ಎಣ್ಣೆ ಯಾರೋ ಕೊಳ್ತಾರೆ? ಲೇ ತಮ್ಮಾ, ನಾನು ತಿಕ್ಕಿದ ಮಂಡಿಗಳು ಇವತ್ತಿಗೂ ಊರೆಲ್ಲ ಓಡಾಡ್ತಿವೆ."

"ನನ್ನದೂ ನೀನೇ ತಿಕ್ಕಿದ್ದು!" ನಂಪತ್ ಕೂತಲ್ಲೇ ಕಿರುಚಿದ. "ಎರಡು ವರ್ಷ ತಿಕ್ಕಿದೀಯ! ಚರ್ಮ ಹೋಯ್ತು, ನೋವು ಹೋಗ್ಲಿಲ್ಲ!"

"ಅಣ್ಣನ ಉಪಕಾರ ಮರೆಯಲ್ಲ ಅಂತಿದಾರೆ ಭಾವ," ಅಂದ ಉಕುರ್.

"ಲೇ ಉಕುರ್, ನಾನು ಏನು ಹೇಳ್ತೀನೋ ಅದನ್ನ ಹೇಳೋ!"

"ಹೇಳ್ತೀನಿ ಭಾವ. ಸ್ವಲ್ಪ ಸಕ್ಕರೆ ಹಾಕಿ ಹೇಳ್ತೀನಿ. ಇಲ್ಲಾಂದ್ರೆ ಈ ಮನೇಲಿ ಇಷ್ಟು ವರ್ಷ ರಕ್ತ ಹರೀದೆ ಉಳಿದದ್ದು ಹೇಗೆ?" ಉಕುರ್ ತನ್ನ ಮಾತಿಗೂ ಬಂದ. ಯಾರಾದರೂ ಆಸ್ಪತ್ರೆ ಸೇರಿದರೆ ಅಲ್ಲಿ ನೆಲದ ಮೇಲೆ ಮಲಗಿ, ಅನ್ನ ತಂದು, ಮೈ ಒರೆಸುವುದು ಹೆಣ್ಣು ತಗೊಂಡ ಕಡೆಯವರ ಕೆಲಸ, ಅಂದರೆ ತನ್ನದು. ತನಗೋ ಸೊಂಟ ನೋವು. "ಆದ್ದರಿಂದ ಮಂಡಿ ತನ್ನದೊಬ್ಬನದಲ್ಲ, ಎಲ್ಲರದು, ಎಲ್ಲರೂ ಹೇಳಿದ ಹಾಗೆ ಎಣ್ಣೆಯನ್ನೇ ಹಚ್ಕೋತೀನಿ ಅಂತ ನಮ್ಮ ಭಾವ ಒಪ್ಪಿದಾರೆ."

"ಒಪ್ಪಿದಾರಾ?" ಅಂದ ತಮ್ಮತ್.

"ಸಂತೋಷದಿಂದ ಒಪ್ಪಿದಾರೆ."

"ಹಾಗಾದ್ರೆ ಒಂದು ಕೋಳಿ ಕೊಯ್ದು ಮುಗಿಸೋಣ."

ಆಗ ನಂಪತ್ ಎದ್ದ. ರುಂಗು ಮುಗಿಯುವ ಮುಂಚೆ ಮನೆಯ ಯಜಮಾನ ಎದ್ದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿರಲಿಲ್ಲ. ಏಳುವುದಕ್ಕೂ ಮಂಡಿ ಬಿಡಲಿಲ್ಲ. ಮೊದಲು ನಾಲ್ಕು ಕಾಲಲ್ಲಿ ನಿಂತು, ಕಂಬ ಹಿಡಿದು, ಬೆಲ್ಗಾನ ತಲೆ ಒತ್ತಿಕೊಂಡು, ಕೊನೆಗೆ ನೆಟ್ಟಗಾದ. ಸಿಟ್ಟಿನಿಂದ ಎದ್ದು ಹೋಗುವವನಿಗೆ ಅಷ್ಟು ಹೊತ್ತು ಹಿಡಿಯಬಾರದು. ಆದರೂ ಒಬ್ಬರೂ ನಗಲಿಲ್ಲ.

"ಕೇಳಿಸ್ಕೊಳ್ಳಿ," ಅಂದ. "ಆ ಹುಡುಗಿ ನನ್ನನ್ನ ಕೇಳಿದ್ಳು. ನಿನಗೇನು ಬೇಕು ಅಂತ ನನ್ನನ್ನ! ನಾನು ಕೊಯ್ಸ್ಕೊಳ್ತೀನಿ. ಕುರ್ಚಿ ಮೇಲೆ ಕೂರ್ತೀನಿ. ಬೇಕಾದ್ರೆ ಮೇಜಿನ ಮೇಲೂ ಕೂರ್ತೀನಿ! ಲೇ ಉಕುರ್, ಇದಕ್ಕೆ ಸಕ್ಕರೆ ಹಾಕ್ಬೇಡ."

ಉಕುರ್ ತಲೆ ಬಗ್ಗಿಸಿ ಚಾಪೆಯ ಎಳೆ ಕೀಳತೊಡಗಿದ.

ಅಂಗಳಕ್ಕೆ ಇಳಿದರೆ ಬಸ್ಸಿಲ್ಲ. ನಂಪತ್ ಬಿರಿಂಗ್‌ನನ್ನು ಬಿಚ್ಚಿದ. ಎಷ್ಟೋ ವರ್ಷದಿಂದ ಊರೂರಿನವರನ್ನೆಲ್ಲ ಹತ್ತಿಸಿದ್ದ, ತಾನು ಹತ್ತಿರಲಿಲ್ಲ. ರೆಂಬಾ ಬಂದು ಅವನ ಹಿಂಭಾಗಕ್ಕೆ ಹೆಗಲು ಕೊಟ್ಟು, ಕೋಸಿನ ಮೂಟೆಯನ್ನು ಲಾರಿಗೆ ಏರಿಸುವ ಹಾಗೆ ತಳ್ಳಿದಳು.

"ನೀನು ಯಾರ ಕಡೆ?" ಅಂದ ನಂಪತ್ ಮೇಲಿನಿಂದ.

"ನನ್ನನ್ನ ಯಾರು ಕೇಳಿದ್ರು? ಹೋಗಿ, ಬಾಗಿಲು ಹಾಕ್ಬಿಡ್ತಾರೆ."

ಅರ್ಧ ದಾರಿಯಲ್ಲಿ ಹಿಂದಿನಿಂದ ಹಾರನ್ ಕೇಳಿಸಿತು. ಮಿನಿಬಸ್ಸು. ಒಳಗೆ ಪೂರ್ತಿ ರುಂಗು, ಜೊತೆಗೆ ರೆಂಬಾ. ಕಿಟಕಿಯಿಂದ ತಮ್ಮತ್ ಸೊಂಟದ ತನಕ ಹೊರಗೆ ಬಂದಿದ್ದ. ಬಸ್ಸು ಕುದುರೆಯ ಪಕ್ಕಕ್ಕೆ ಬಂದು ಅದರ ವೇಗಕ್ಕೇ ನಡೆಯತೊಡಗಿತು.

"ಲೇ ನಂಪತ್! ಈಗಲೂ ಹೆಣ್ಣು ಕೊಟ್ಟವನಿಗಿಂತ ಎತ್ತರದಲ್ಲಿ ಕೂತಿದೀಯ! ಇಳಿಯೋ ಕೆಳಗೆ!"

"ಬಸ್ಸಿನ ಮೇಲೆ ಹತ್ತಿ ಭಾವ! ಸರಿಹೋಗುತ್ತೆ!"

"ಏನಂದ?"

"ಗಾಳಿ ಜಾಸ್ತಿ ಇದೆ, ಕಿಟಕಿ ಮುಚ್ಕೊಳ್ಳಿ, ನಿಮ್ಮ ಆರೋಗ್ಯ ಮುಖ್ಯ ಅಂತಿದಾರೆ," ಅಂತ ಉಕುರ್‌ನ ದನಿ ಒಳಗಿಂದ ಬಂತು.

ಹಿಂದೆ ಕಿತ್ತಳೆ ಹಣ್ಣಿನ ಲಾರಿಗಳು, ಮೋಟರ್‌ಸೈಕಲ್ಲುಗಳು, ಒಂದು ಮದುವೆ ದಿಬ್ಬಣ, ಎಲ್ಲ ಸಾಲುಗಟ್ಟಿದವು. ದಿಬ್ಬಣದ ಮದುಮಗ ಇಳಿದು ಬಂದು ಏನು ವಿಷಯ ಅಂತ ಕೇಳಿ, ತಾನೂ ಎಣ್ಣೆಯೇ ವಾಸಿ ಅಂತ ಹೇಳಿ ಹೋದ. ಕಬಂಜಹೆ ತಲುಪುವಾಗ ನಂಪತ್‌ನ ಮಂಡಿಯ ಬಗ್ಗೆ ಅಭಿಪ್ರಾಯ ಹೇಳದವನು ಆ ರಸ್ತೆಯಲ್ಲಿ ಬಿರಿಂಗ್ ಒಬ್ಬನೇ.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರ್ ಲಸ್ತ್ರಿ ಕೈಚೀಲ ಹೆಗಲಿಗೆ ಹಾಕಿ ಹೊರಡುವುದರಲ್ಲಿದ್ದಳು. ಕುದುರೆ ಮೇಲೆ ಬಂದ ರೋಗಿಯನ್ನು ಕಂಡು ಚೀಲ ಕೆಳಗಿಟ್ಟಳು. ಕಾವಲುಗಾರ ಕುದುರೆಯನ್ನು ಒಳಗೆ ಬಿಡಲಿಲ್ಲ, ರೆಂಬಾ ಲಗಾಮು ಹಿಡಿದು ಹಿಂಬದಿಯ ಓಣಿಗೆ ಹೋದಳು.

ನಂಪತ್ ಕುಂಟುತ್ತ ಮುಂದೆ ಬಂದ. ಎದೆ ಉಬ್ಬಿತ್ತು. ಬಾಯಿ ತೆರೆಯಬೇಕು, ಅಷ್ಟರಲ್ಲಿ ತಮ್ಮತ್ ಅಡ್ಡ ಬಂದು ನಿಂತ.

"ಇರಪ್ಪ. ದೊಡ್ಡ ಮಾತಾಡೋ ಮುಂಚೆ ಕುಲ ಕೇಳೋದು ಬೇಡ್ವಾ? ಬೆಳಿಗ್ಗೆ ಇಷ್ಟು ಹೊತ್ತು ಜಗಳ ಆಡಿದೀಯಂತೆ, ಕುಲ ಕೇಳಿದ್ಯಾ?"

"ಜಾವಾದವರಿಗೆ ಎಂಥ ಕುಲ?" ಅಂದ ನಂಪತ್.

ನಮ್ಮಲ್ಲಿ ಹೊಸಬರು ಕಂಡರೆ ಮೊದಲು ಕುಲ, ಆಮೇಲೆ ಕವಲು, ಆಮೇಲೆ ಊರು ಕೇಳಿ, ಇವರು ನಮಗೆ ಏನಾಗಬೇಕು ಅಂತ ಗೊತ್ತುಮಾಡಿಕೊಂಡೇ ಮುಂದಿನ ಮಾತು. ಕಂದಾಯದವನು ಬಂದರೂ ಹಾಗೇ, ಕಳ್ಳ ಸಿಕ್ಕರೂ ಹಾಗೇ. ತಮ್ಮತ್ ಹೊಟ್ಟೆಯ ಮೇಲೆ ಕೈಕಟ್ಟಿ ಡಾಕ್ಟರ ಕಡೆ ತಿರುಗಿದ.

"ತಾಯಿ, ಮದುವೆ ಆಗಿದೆಯಾ?"

"ಆಗಿದೆ. ನಮ್ಮವರು ಇಲ್ಲಿಯವರೇ. ತರಿಗನ್."

"ತರಿಗನ್!" ತಮ್ಮತ್‌ನ ಹುಬ್ಬು ಏರಿತು. "ಯಾವ ಕವಲು?"

"ಸಿಬೆರೊ."

"ಮೂಲ ಊರು?"

"ಜುಹಾರ್. ಮಾವನವರ ಮನೆ ಈಗಲೂ ಅಲ್ಲೇ."

"ಅಯ್ಯೋ ನನ್ನವ್ವಾ!" ತಮ್ಮತ್ ಎರಡೂ ಕೈ ಮೇಲೆತ್ತಿದ. "ನಾನೂ ತರಿಗನ್ ಸಿಬೆರೊ, ನಾನೂ ಜುಹಾರ್! ನಿನ್ನ ಗಂಡ ನನ್ನ ತಮ್ಮ ಕಣಮ್ಮ! ನೀನು ನಮ್ಮ ಮನೆ ಸೊಸೆ!"

ಒಂದು ಗಳಿಗೆ ಜಗಲಿಯೆಲ್ಲ ಹಬ್ಬ. ಬೆಲ್ಗಾ ತನ್ನ ಎಣ್ಣೆಯ ಸೀಸೆಯೊಂದನ್ನು ಉಡುಗೊರೆಯಾಗಿ ಡಾಕ್ಟರ ಕೈಗೆ ಕೊಟ್ಟ. ತಮ್ಮತ್ ನಂಪತ್‌ನ ಕಡೆ ಗೆದ್ದವನ ನಗೆ ನಕ್ಕ. "ಇನ್ನೇನು! ಮನೆ ಹುಡುಗಿ. ಭಾವ ಹೇಳಿದ ಮಾತು ಮೀರ್ತಾಳಾ?"

"ಸಂಬಂಧ ಸಿಕ್ಕಿದ್ದು ತುಂಬಾ ಸಂತೋಷ, ಭಾವನೋರೇ," ಅಂದಳು ಲಸ್ತ್ರಿ ಕೈಮುಗಿದು. "ಆದ್ರೆ ಮಂಡಿ ಅವರದು. ತೀರ್ಮಾನ ಅವರೂ ನಾನೂ ಸೇರಿ ಮಾಡೋದು. ಯಾರ ಒತ್ತಾಯನೂ ಬೇಡ. ಎಲ್ಲರೂ ಹೊರಗೇ ಇರಿ. ಯಜಮಾನ್ರೇ, ನೀವೊಬ್ಬರೇ ಒಳಗೆ ಬನ್ನಿ."

ಎಂಥ ಮಾತು! ಬೆಳಿಗ್ಗೆಯಿಂದ ನಂಪತ್ ಕಾದಾಡಿದ್ದು ಇದಕ್ಕೇ. ಹೆಣ್ಣು ಕೊಟ್ಟ ದೇವರ ಮುಖಕ್ಕೇ ಬಾಗಿಲು ಹಾಕುವ ಡಾಕ್ಟರು!

ಆದರೆ ನಂಪತ್‌ನ ಮುಖ ಬೇಯಿಸಿದ ಕೋಸಿನ ಹಾಗಾಗಿತ್ತು.

ಗಂಡಸಿಗೂ ಅವನ ಹೆಂಡತಿಯ ಅಣ್ಣತಮ್ಮಂದಿರ ಹೆಂಡಿರಿಗೂ ನಮ್ಮಲ್ಲಿ ರೆಬು. ಅಂದರೆ ಒಬ್ಬರ ಜೊತೆ ಒಬ್ಬರು ಮಾತಾಡುವಂತಿಲ್ಲ, ಮುಟ್ಟುವಂತಿಲ್ಲ, ಇಬ್ಬರೇ ಒಂದು ಕೋಣೆಯಲ್ಲಿ ಇರುವಂತಂತೂ ಇಲ್ಲವೇ ಇಲ್ಲ. ತಮ್ಮತ್‌ನ ಹೆಂಡತಿಯ ಜೊತೆ ನಂಪತ್ ಇವತ್ತಿನ ತನಕ ಒಂದು ಮಾತು ಆಡಿಲ್ಲ. ಅವಳ ಅಡುಗೆಮನೆಗೆ ಬೆಂಕಿ ಬಿದ್ದ ದಿನವೂ ಅಂಗಳದಲ್ಲಿ ನಿಂತು ಬೇಲಿಗೂಟಕ್ಕೆ, "ಎಲೈ ಗೂಟವೇ, ಒಳಗಿರೋರಿಗೆ ಹೇಳು, ಸೂರು ಉರೀತಿದೆ" ಅಂದಿದ್ದ. ಈಗ ಈ ಡಾಕ್ಟರೂ ಹೆಂಡತಿಯ ತಮ್ಮನ ಹೆಂಡತಿ. ಬೆಳಿಗ್ಗೆ ಅವಳ ಮುಂದೆ ಮೇಜು ಗುದ್ದಿದ್ದ. ಅದಕ್ಕಿಂತ ಹೆಚ್ಚಾಗಿ, ಅವಳು ಅವನ ಮಂಡಿ ಹಿಚುಕಿದ್ದಳು!

"ನಮ್ಮ ಹುಡುಗಿ ಹೊಸಬಳು," ಅಂತ ಉಕುರ್ ಮೆಲ್ಲಗೆ ಶುರುಮಾಡಿದ. "ರೆ... ರೆಬು..."

"ಮದುವೇಲಿ ಅತ್ತೆಯವರು ಹೇಳಿದ್ರು," ಅಂದಳು ಲಸ್ತ್ರಿ. "ಮನೇಲಿ ನಾನೂ ನಡೆಸ್ಕೊಂಡು ಹೋಗ್ತೀನಿ. ಆಸ್ಪತ್ರೇಲಿ ಡಾಕ್ಟರಿಗೆ ರೆಬು ಇಲ್ಲ." ಮತ್ತು ನಂಪತ್ ಒಳಗೆ ಕಾಲಿಟ್ಟದ್ದೇ ಬಾಗಿಲು ಹಾಕಿಬಿಟ್ಟಳು.

ಅವನು ಕೂರಲಿಲ್ಲ. ಗೋಡೆಗೆ ಅಂಟಿಕೊಂಡು, ಕಿಟಕಿಯ ಆಚೆಗೆ ಎಲ್ಲೋ ನೋಡುತ್ತ ನಿಂತ.

"ಹೇಳಿ," ಅಂದಳು ಲಸ್ತ್ರಿ ಕುರ್ಚಿ ಎಳೆದುಕೊಂಡು. "ಯೋಚನೆ ಮಾಡಿದ್ರಾ?"

ಮಾಡಿದ್ದ. ದಿನವಿಡೀ ಅದನ್ನೇ ಕೂಗಿದ್ದ. ಚಾಪೆಯ ಮೇಲೆ ಕೂಗಿದ್ದ, ಕುದುರೆಯ ಮೇಲೆ ಕೂಗಿದ್ದ. ಈಗ ಹೇಳಬೇಕಾದದ್ದು ಒಂದೇ ಮಾತು. ಬಾಯಿ ಬಿಡೋ ಕತ್ತೆ, ಅಂತ ತನಗೆ ತಾನೇ ಬೈದುಕೊಂಡ. ತಮ್ಮತ್‌ಗೆ ಎದುರಾಡಿದ್ದೀಯ, ರುಂಗು ಬಿಟ್ಟು ಎದ್ದಿದ್ದೀಯ, ಈ ಎಳೇ ಹುಡುಗಿಗೆ ಒಂದು ಮಾತು ಹೇಳೋಕಾಗಲ್ವಾ? ಆಗಲಿಲ್ಲ. ತಮ್ಮತ್ ಹೊರಗಿದ್ದ, ಬಾಗಿಲು ಹಾಕಿದರೆ ಹೋಗುತ್ತಾನೆ. ಈ ರೆಬು ಹುಟ್ಟಿದಾಗಿನಿಂದ ಎದೆಯೊಳಗೇ ಕೂತಿದ್ದು, ಅದಕ್ಕೆ ಬಾಗಿಲಿಲ್ಲ.

ಕೊನೆಗೆ ಗೋಡೆಯ ಕಡೆ ತಿರುಗಿದ. "ಎಲೈ ಗೋಡೆಯೇ," ಅಂದ ಬೆವರುತ್ತ, "ಅವರಿಗೆ ಹೇಳು, ಕೊಯ್ಲಿ ಅಂತ."

"ಗೋಡೆಗಲ್ಲ ಯಜಮಾನ್ರೇ, ನನಗೆ ಹೇಳಿ. ಇಷ್ಟು ಗಾಬರಿಯಾಗಿದೀರಿ. ಹೊರಗಿರೋರು ಹೆದರಿಸಿದಾರಾ?"

ನಂಪತ್ ಸುತ್ತ ನೋಡಿದ. "ಎಲೈ ಪ್ಲಾಸ್ಟಿಕ್ ಮಂಡಿಯೇ, ಯಾರೂ ಹೆದರಿಸಿಲ್ಲ ಅಂತ ಹೇಳು..."

ಲಸ್ತ್ರಿ ಪ್ಲಾಸ್ಟಿಕ್ ಮಂಡಿಯನ್ನು ಎತ್ತಿ ಮೇಜಿನ ಖಾನೆಯಲ್ಲಿ ಹಾಕಿ ಮುಚ್ಚಿದಳು. "ನೀವೇ ನೋಡಿ, ನನ್ನ ಮುಖ ನೋಡಿ ಒಂದು ಮಾತು ಹೇಳೋಕೆ ಆಗ್ತಿಲ್ಲ. ಹೀಗಿರುವಾಗ ನಾನು ಹೇಗೆ ಒಪ್ಲಿ? ಆರಾಮಾಗಿ ಕೂತ್ಕೊಳ್ಳಿ. ಈಗ ಇಲ್ಲಿ ಯಾರೂ ಇಲ್ಲ. ನೀವು, ನಾನು, ಇಬ್ಬರೇ."

ಇಬ್ಬರೇ! ನಂಪತ್‌ನ ಕಣ್ಣು ಓಣಿಯ ಕಡೆಯ ಹಿಂಬಾಗಿಲ ಮೇಲೆ ಬಿತ್ತು.

"ಎಲ್ಲಿ, ಆ ಮಂಡಿ ಇನ್ನೊಂದ್ಸಲ ನೋಡ್ತೀನಿ," ಅಂತ ಅವಳು ಎದ್ದು ಕೈ ಚಾಚಿದಳು.

ಇತ್ತ ಜಗಲಿಯಲ್ಲಿ ತಮ್ಮತ್ ಬಾಗಿಲಿಗೆ ಕಿವಿಯಿಟ್ಟಿದ್ದ. "ಅವಳ ದನಿ ಒಂದೇ ಕೇಳ್ತಿದೆ. ಅವನು ತುಟಿ ಪಿಟಕ್ ಅಂತಿಲ್ಲ. ನೋಡಿದ್ರಾ ನಮ್ಮ ಹುಡುಗಿ! ನನ್ನಿಂದ ಆಗದ್ದನ್ನ ಮಾಡಿದ್ಳು. ಎಂಥ ಗತ್ತು!" ಹಾಗೇ ಯೋಚನೆಗೆ ಬಿದ್ದ. "ಅಲ್ರೋ, ಆಪರೇಷನ್ ಮಾಡ್ಸೋಳು ನಮ್ಮ ಮನೆ ಸೊಸೆ ಅಂದ್ಮೇಲೆ ಬೇಡ ಅಂದ್ರೆ ಅವಮಾನ ಯಾರಿಗೆ? ನನಗೇ! ತರಿಗನ್ ಮನೆ ಹುಡುಗಿ ಹಾಕ್ಸಿದ ಮಂಡಿ ಅಂದ್ರೆ ಅದು ನಾವು ಕೊಟ್ಟ ಮಂಡಿ. ನಾವು ಕೊಟ್ಟ ಹೆಣ್ಣಿನ ಹಾಗೇ."

"ಕುರ್ಚಿ?" ಅಂದ ಬೆಲ್ಗಾ.

"ಕೂರ್ಲಿ! ನಾವು ಕೊಟ್ಟ ಮಂಡಿ ಎತ್ತರದಲ್ಲಿದ್ರೆ ನಮಗೇ ಮರ್ಯಾದೆ."

"ಕೊಯ್ದ ಮೇಲೂ ಎಣ್ಣೆ ಬೇಕಾಗುತ್ತೆ, ಅಲ್ವಾ?"

"ಎರಡು ಪಟ್ಟು ಬೇಕಾಗುತ್ತೆ."

ಬೆಲ್ಗಾ ಒಪ್ಪಿದ. ಉಕುರ್ ತನ್ನ ಸೊಂಟ ನೀವಿಕೊಂಡು ನಿಟ್ಟುಸಿರು ಬಿಟ್ಟು ಒಪ್ಪಿದ. ಬೆಂಚಿನ ಮೇಲೆ ಉಳಿದಿದ್ದ ರೋಗಿಗಳೂ ಒಪ್ಪಿದರು. ಮೂರೂ ಕಡೆಯವರು ಒಂದೇ ಬಾಯಿಂದ, ಒಂದೇ ಮಾತಿಗೆ, ಅದೂ ನಂಪತ್ ಹೇಳಿದ್ದ ಮಾತಿಗೇ ಬಂದು ನಿಂತರು. ತಮ್ಮತ್ ಅಂಗಿ ಸರಿಮಾಡಿಕೊಂಡು ಬಾಗಿಲು ತಟ್ಟಿದ.

"ತೆಗಿಯಮ್ಮಾ! ಕೊಯ್ಲಿ! ನಾವೆಲ್ಲ ಒಪ್ಪಿದೀವಿ!"

ಬಾಗಿಲು ತೆರೆದದ್ದು ಲಸ್ತ್ರಿ. ಅವಳ ಹಿಂದೆ ಕೋಣೆ ಖಾಲಿ. ಓಣಿಯ ಕಡೆಯ ಹಿಂಬಾಗಿಲು ಗಾಳಿಗೆ ಆಡುತ್ತಿತ್ತು.

"ಬಚ್ಚಲಿಗೆ ಹೋದ್ರು ಅಂತ ಕಾಣುತ್ತೆ," ಅಂದಳು ಅವಳು, ತನಗೇ ನಂಬಿಕೆಯಿಲ್ಲದೆ. "ಆ ಮಂಡೀಲಿ ಅಷ್ಟು ಜೋರಾಗಿ ಹೋಗಬಹುದು ಅಂತ ನನಗೆ ಗೊತ್ತಿರಲಿಲ್ಲ."

ಹಿಂಬದಿಯ ಓಣಿಯಲ್ಲಿ ರೆಂಬಾ ಕುದುರೆಗೆ ಜೋಳದ ಎಲೆ ತಿನ್ನಿಸುತ್ತ ನಿಂತಿದ್ದಳು. ಒಗೆದು ಹರವಿದ್ದ ಆಸ್ಪತ್ರೆಯ ಬಿಳಿ ಬಟ್ಟೆಗಳನ್ನು ಸೀಳಿಕೊಂಡು ಗಂಡ ಹೊರಬಂದ. ಮಂಡಿ ಲಟಲಟ ಅನ್ನುತ್ತಿತ್ತು, ಮುಖ ಕೆಂಡವಾಗಿತ್ತು.

"ಏನ್ರೀ, ಹೇಳಿದ್ರಾ?"

ಅವನು ನಿಲ್ಲಲಿಲ್ಲ.

"ಕುದುರೆ ಇಲ್ಲಿದೆ! ಹತ್ತಿ!"

"ನಾನು ನಡೀತೀನಿ!" ಅಂತ ಕೂಗಿದ ತಿರುಗದೆ. "ನನ್ನ ಮಂಡಿ!"

ಓಣಿಯ ಕೊನೆಯಲ್ಲಿ ಬೇಲಿ ಇತ್ತು. ಅದರ ಮೇಲೆ ಒಂದು ಕಾಲು ಹಾಕಿ, ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ಆಚೆಗೆ ಎಸೆದು, ಕೋಸಿನ ಹೊಲಕ್ಕೆ ಇಳಿದ. ಜಗಲಿಯಿಂದ ತಮ್ಮತ್ ಅವನ ಹೆಸರು ಹಿಡಿದು ಕರೆಯುತ್ತಲೇ ಇದ್ದ, ಎಲ್ಲರೂ ಒಪ್ಪಿದ್ದಾರೆ, ಬಾ ಅಂತ. ಡಾಕ್ಟರು ಕತ್ತಲಾಗುವ ತನಕ ಬಾಗಿಲು ಹಾಕದೆ ಕಾದಳು. ನಂಪತ್ ತಿರುಗಿ ಬರಲಿಲ್ಲ.